ಕಿವಿ ಕೊಡುವ ಯಂತ್ರ, ಮಾತು ಕೊಡುವ ಮನೆ

ಕನ್ನಡ ನುಡಿಯ ಚಮತ್ಕಾರ ನೋಡಿ: ‘ಕೈಕೊಟ್ಟ’ ಎಂದರೆ ವಂಚಿಸಿದನೆಂದು ಅರ್ಥ, ‘ಕಿವಿಗೊಟ್ಟ’ ಎಂದರೆ ಆದರದಿಂದ ಆಲಿಸಿದನೆಂದು ಅರ್ಥ. ಕೊಡುವ ಕ್ರಿಯೆ ಒಂದೇ ಆದರೂ ಅಂಗ ಬದಲಾದೊಡನೆ ಗುಣವೂ ಬದಲಾಗುತ್ತದೆ. ನಮ್ಮ ಹಿರಿಯರು ಇವನ್ನೆಲ್ಲ ಅಲಂಕಾರದ ಮಾತುಗಳೆಂದೇ ಬಳಸಿದ್ದರು. ಈಗಲಾದರೋ ವೈದ್ಯವಿಜ್ಞಾನವು ಅವುಗಳ ವಾಚ್ಯಾರ್ಥವನ್ನೇ ಸಾಧಿಸಿ ತೋರಿಸಿದೆ. ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾ. ಪಿ. ಕೆ. ಸೇಥಿಯವರೂ ಸೇರಿ 1968ರ ಸುಮಾರಿಗೆ ರಬ್ಬರಿನ ಪಾದವನ್ನು ರೂಪಿಸಿ, ಕಾಲು ಕಳೆದುಕೊಂಡವರಿಗೆ ಕಾಲು ಕೊಟ್ಟರು. ಇಂದು ಶಸ್ತ್ರವೈದ್ಯರು ಹುಟ್ಟುಕಿವುಡರಾದ ಹಸುಳೆಗಳಿಗೆ ನಿಜವಾಗಿಯೂ ಕಿವಿ ಕೊಡುತ್ತಿದ್ದಾರೆ. ‘ಕಾಕ್ಲಿಯರ್ ಇಂಪ್ಲಾಂಟ್’ ಎಂದು ಕರೆಯಲಾಗುವ ಆ ಯಂತ್ರದ ಬಗೆಗೆ ಈ ವಾರ ನಾಲ್ಕು ಮಾತು ಬರೆಯಬೇಕೆನಿಸಿದೆ. ಅದು ಎಂತಹ ಯಂತ್ರವೆಂಬುದು ಬರಹದ ಅರ್ಧಭಾಗ. ಅದು ಕೊಡಲಾರದ್ದು ಯಾವುದೆಂಬುದು ಉಳಿದರ್ಧ.

ಮೊದಲು ನಿಸರ್ಗವು ಕೊಟ್ಟ ಕಿವಿಯನ್ನು ನೋಡೋಣ. ನಾವು ಕಿವಿ ಎಂದು ಕರೆಯುವ, ಓಲೆ ತೊಡಿಸುವ, ಉಪಾಧ್ಯಾಯರು ಹಿಂಡುವ ಆ ಹೊರಗಿನ ಹಾಳೆ ಕೇವಲ ಹೆಬ್ಬಾಗಿಲು. ಕೇಳುವ ಕೆಲಸ ನಡೆಯುವುದು ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಹುದುಗಿರುವ ಒಂದು ಪುಟ್ಟ ಸುರುಳಿಯಲ್ಲಿ. ಅದಕ್ಕೆ ‘ಕಾಕ್ಲಿಯ’ ಎಂದು ಹೆಸರು. ಲ್ಯಾಟಿನಿನಲ್ಲಿ ಹಾಗೆಂದರೆ ಬಸವನಹುಳು. ಕೋಡಿಯ ಕಡಲದಂಡೆಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಲು ಚಿತ್ರವೇ ಬೇಡ. ಅಲೆ ತಂದು ಚೆಲ್ಲುವ ಸಣ್ಣ ಶಂಖವೊಂದನ್ನು ಅಂಗೈಯಲ್ಲಿಟ್ಟರೆ ಸಾಕು. ಎರಡೂವರೆ ಸುತ್ತಿನ ಈ ಶಂಖವನ್ನು ಬಿಚ್ಚಿ ನೇರಮಾಡಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ದ್ರವ, ದ್ರವದಲ್ಲಿ ಕೂದಲಿನಂತಹ ಸೂಕ್ಷ್ಮ ತಂತುಗಳುಳ್ಳ ಜೀವಕೋಶಗಳು. ಮೆದುಳಿಗೆ ಸುದ್ದಿ ಮುಟ್ಟಿಸುವ ಮುಖ್ಯ ಕೋಶಗಳು ಒಂದೊಂದು ಕಿವಿಯಲ್ಲಿ ಸುಮಾರು 3,500. ಹಾರ್ಮೋನಿಯಮ್ಮಿನ ಮನೆಗಳಂತೆ ಇವುಗಳಲ್ಲಿಯೂ ಕ್ರಮವಿದೆ: ಶಂಖದ ಬಾಯಿಯ ಕಡೆಗೆ ಸೂಕ್ಷ್ಮವಾದ ಮೇಲುಸ್ವರಗಳು, ಒಳತುದಿಯ ಕಡೆಗೆ ದಪ್ಪನೆಯ ಕೆಳಸ್ವರಗಳು. ದೂರದಲ್ಲಿ ಗುಡುಗುವ ಕಡಲಿಗೆ ಒಂದು ಎಡೆ, ಗುಬ್ಬಿಯ ಚಿಲಿಪಿಲಿಗೆ ಇನ್ನೊಂದು ಎಡೆ.

ಹುಟ್ಟಿನಿಂದಲೋ, ಮಿದುಳುಪೊರೆಯ ಜ್ವರದಿಂದಲೋ, ಕೆಲವು ಔಷಧಗಳ ವಿಷದಿಂದಲೋ ಈ ಕೋಶಗಳು ನಾಶವಾದರೆ ಅವು ಮತ್ತೆ ಚಿಗುರುವುದಿಲ್ಲ. ಆಗ ಕಿವಿಯ ಹಿಂದೆ ಸಿಕ್ಕಿಸುವ ಸಾಮಾನ್ಯ ಶ್ರವಣಯಂತ್ರದಿಂದ ಹೆಚ್ಚಿನ ಫಲವಿಲ್ಲ. ಅದು ಶಬ್ದವನ್ನು ದೊಡ್ಡದು ಮಾಡುತ್ತದೆಯೇ ಹೊರತು, ಶಬ್ದವನ್ನು ಬರಮಾಡಿಕೊಳ್ಳುವವರೇ ಇಲ್ಲದ ಮನೆಯಲ್ಲಿ ಏನು ತಾನೆ ಮಾಡೀತು? ಬಾಗಿಲು ಬಡಿದಷ್ಟೂ ಬಡಿದವನ ಕೈ ನೋಯುತ್ತದೆ, ಅಷ್ಟೆ. ಆದರೆ ಇಂಥವರಲ್ಲಿ ಅನೇಕರಿಗೆ ಶಂಖದಿಂದ ಮೆದುಳಿಗೆ ಹೋಗುವ ನರ ಮಾತ್ರ ಸುಸ್ಥಿತಿಯಲ್ಲಿರುತ್ತದೆ. ಸತ್ತ ಕೋಶಗಳನ್ನು ಬದಿಗಿಟ್ಟು ಆ ನರವನ್ನೇ ವಿದ್ಯುತ್ತಿನಿಂದ ಎಚ್ಚರಿಸಬಹುದಲ್ಲವೆ? ಇದೇ ಈ ಯಂತ್ರದ ಮೂಲ ಪ್ರಶ್ನೆ.

ಪ್ರಶ್ನೆ ಹಳೆಯದು. ವಿದ್ಯುತ್ಕೋಶವನ್ನು ಕಂಡುಹಿಡಿದ ಇಟಲಿಯ ವೋಲ್ಟ ಮಹಾಶಯನು 1800ರ ಹೊತ್ತಿಗೆ ತನ್ನ ಎರಡು ಕಿವಿಗಳಿಗೂ ಲೋಹದ ಸರಳು ತೂರಿಸಿ ವಿದ್ಯುತ್ತನ್ನು ಹರಿಸಿಕೊಂಡನು. ತಲೆಗೆ ಪೆಟ್ಟು ಬಿದ್ದಂತಾಯಿತು. ಜೊತೆಗೆ ಏನೋ ಗಟ್ಟಿಯಾದ ಪದಾರ್ಥ ಕೊತಕೊತ ಕುದಿಯುವಂತಹ ಸದ್ದು ಕೇಳಿಸಿತು. ಆ ಸಾಹಸವನ್ನು ಪುನಃ ಮಾಡುವ ಆಸೆ ಅವನಿಗೆ ಹುಟ್ಟಲಿಲ್ಲ. ಒಂದೂವರೆ ಶತಮಾನ ಕಳೆದ ಮೇಲೆ, 1957ರಲ್ಲಿ, ಪ್ಯಾರಿಸ್ಸಿನ ಜೂರ್ನೋ ಮತ್ತು ಎರಿಯೆಸ್ ಎಂಬ ಇಬ್ಬರು ಕಿವುಡನೊಬ್ಬನ ಶ್ರವಣನರಕ್ಕೆ ತಂತಿಯಿಟ್ಟು ಪ್ರಯೋಗ ಮಾಡಿದರು. ಆತನಿಗೆ ಜೀರುಂಡೆಯ ದನಿಯಂತಹದು ಕೇಳಿಸಿತು; ಮಾತು ತಿಳಿಯಲಿಲ್ಲ. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಈ ಹಾದಿಯನ್ನು ಮುಂದುವರಿಸಿದರು. ಒಂದೇ ತಂತಿಯಿಂದ ಸದ್ದಿನ ಏರಿಳಿತ ತಿಳಿಯುತ್ತಿತ್ತೇ ಹೊರತು ಮಾತಿನ ಅಕ್ಷರಗಳು ಬಿಡಿಬಿಡಿಯಾಗಿ ತೋರುತ್ತಿರಲಿಲ್ಲ. ಹಾರ್ಮೋನಿಯಮ್ಮಿನ ಒಂದೇ ಮನೆಯನ್ನು ಒತ್ತುತ್ತ ರಾಗ ನುಡಿಸಬಲ್ಲವರುಂಟೆ?

ಹಲವು ಮನೆಗಳ ಹಾರ್ಮೋನಿಯಮ್ ಬೇಕೆಂದು ಹಟ ಹಿಡಿದವರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಒಬ್ಬರು. ಅವರ ತಂದೆ ಔಷಧದಂಗಡಿ ನಡೆಸುತ್ತಿದ್ದವರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳ ಮಾತಿಗೆ ತಂದೆ ಪಡುತ್ತಿದ್ದ ಪಾಡನ್ನು ಕಂಡ ಹುಡುಗ ಮುಂದೆ ಕಿವಿಯ ವೈದ್ಯನೇ ಆದ. ಹಲವು ತಂತಿಗಳ ಎಳೆಯನ್ನು ಸಿದ್ಧಪಡಿಸಿಯೂ ಆಯಿತು. ಆದರೆ ಸುರುಳಿಸುರುಳಿಯಾದ ಆ ಶಂಖದೊಳಗೆ ಅದನ್ನು ಘಾಸಿಯಾಗದಂತೆ ತೂರಿಸುವುದು ಹೇಗೆ? 1977ರಲ್ಲಿ ಅವರು ಮಿನ್ನಮುರ್ರ ಎಂಬ ಕಡಲತೀರದಲ್ಲಿ ಕುಳಿತಿದ್ದಾಗ ಕೈಗೊಂದು ಶಂಖದ ಚಿಪ್ಪು ಸಿಕ್ಕಿತು. ಸುಮ್ಮನೆ ಹುಲ್ಲಿನ ಎಸಳುಗಳನ್ನು ಅದರೊಳಗೆ ತೂರಿಸಿ ನೋಡಿದರು. ತುದಿಯಲ್ಲಿ ಬಳುಕುವ, ಬುಡದತ್ತ ಬರಬರುತ್ತ ಬಿರುಸಾಗುವ ಎಸಳು ಸುತ್ತು ತಿರುಗಿ ಸಲೀಸಾಗಿ ಒಳಗೆ ಸರಿಯಿತು. ತಂತಿಯನ್ನೂ ಹಾಗೆಯೇ ಮಾಡಿದರಾಯಿತು! ಕಡಲಂಚಿನಲ್ಲಿ ದಿನವೂ ಶಂಖವನ್ನು ತುಳಿದು ನಡೆಯುವ ನಮಗೆ ಇದು ಸಣ್ಣ ಸಂಗತಿಯಾಗಿ ತೋರಬಹುದು. ಆದರೆ ಒಂದೇ ಕಷ್ಟವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೊತ್ತವನಿಗೆ ಮಾತ್ರ ಚಿಪ್ಪೂ ಹುಲ್ಲೂ ಉತ್ತರ ಹೇಳುತ್ತವೆ.

1978ರ ಆಗಸ್ಟ್ 1ರಂದು ಮೆಲ್ಬರ್ನಿನಲ್ಲಿ, ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಎಂಬುವರಿಗೆ ಕ್ಲಾರ್ಕ್ ಈ ಯಂತ್ರವನ್ನು ಅಳವಡಿಸಿದರು. ಕೆಲವು ವಾರಗಳ ಬಳಿಕ ಪರೀಕ್ಷೆಯ ದಿನ ರಾಷ್ಟ್ರಗೀತೆಯ ಧಾಟಿಯನ್ನು ನುಡಿಸಿದಾಗ ರಾಡ್ ಥಟ್ಟನೆ ಎದ್ದು ನಿಂತರಂತೆ. ಕೇಳಿಸಿತೇ ಎಂದು ಕೇಳುವ ಅಗತ್ಯವೇ ಉಳಿಯಲಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ವಿಯೆನ್ನಾದಲ್ಲಿ ಹೋಖ್‌ಮಾಯರ್ ದಂಪತಿಗಳೂ ಇಂಥದೇ ಯಂತ್ರವನ್ನು ಸಿದ್ಧಪಡಿಸಿದ್ದರು. ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮಾಯರ್ ಮತ್ತು ಅಮೆರಿಕದ ಬ್ಲೇಕ್ ವಿಲ್ಸನ್ ಈ ಮೂವರಿಗೂ 2013ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ದೊರೆಯಿತು.

ಈಗಿನ ಯಂತ್ರದಲ್ಲಿ ಎರಡು ಭಾಗಗಳು. ಹೊರಭಾಗ ಕಿವಿಯ ಹಿಂದೆ ಕುಳಿತು ಶಬ್ದವನ್ನು ಹಿಡಿದು, ವಿಂಗಡಿಸಿ, ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಬಿಲ್ಲೆಯೊಂದರ ಮೂಲಕ ಚರ್ಮದಾಚೆಗೆ ಕಳುಹಿಸುತ್ತದೆ. ಒಳಭಾಗ ಚರ್ಮದಡಿಯಲ್ಲಿದ್ದು, ಅದನ್ನು ಪಡೆದು, ಶಂಖದೊಳಗಿನ ತಂತಿಗಳಿಗೆ ಹಂಚುತ್ತದೆ. ಒಳಭಾಗದಲ್ಲಿ ಬ್ಯಾಟರಿಯಿಲ್ಲ, ಅದಕ್ಕೆ ಬೇಕಾದ ಶಕ್ತಿಯೂ ಹೊರಗಿನಿಂದಲೇ ರೇಡಿಯೋ ಅಲೆಗಳಾಗಿ ಬರುತ್ತದೆ. ಹೊರಬಿಲ್ಲೆ ತೆಗೆದೊಡನೆ ಮಗುವಿನ ಪ್ರಪಂಚ ನಿಶ್ಶಬ್ದ. ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ನಿಸರ್ಗ ಕೊಟ್ಟದ್ದು 3,500 ಕೋಶಗಳು. ಯಂತ್ರ ಕೊಡುವುದು 12ರಿಂದ 22 ತಂತಿಕೊನೆಗಳು. ಆದುದರಿಂದ ಆ ಮಗು ಕೇಳುವ ಸದ್ದು ನಾವು ಕೇಳುವ ಸದ್ದಲ್ಲ. ಸಾಲುಗಳೆಲ್ಲ ಅಳಿಸಿ ಅಲ್ಲೊಂದು ಇಲ್ಲೊಂದು ಅಕ್ಷರ ಉಳಿದ ತಾಳೆಗರಿಯಂತೆ ಅದು ಮೆದುಳಿಗೆ ಬಂದು ಮುಟ್ಟುತ್ತದೆ. ಬಿಟ್ಟ ಸ್ಥಳವನ್ನು ತುಂಬಿ ಓದುವವರು ಯಾರು? ಮೆದುಳು. ಅದಕ್ಕೆ ಓದು ಕಲಿಸುವವರು ಯಾರು? ನನ್ನ ಬರಹದ ಉಳಿದರ್ಧ ಇಲ್ಲಿಂದ ಆರಂಭ.

ದೇಹದೊಳಗಿಡುವ ಯಂತ್ರಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರನ್ನು ನೋಡಿ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬುವರ ದೇಹದೊಳಗೆ ಮೊಟ್ಟಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಮುಂದೆ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಮಿಕ್ಕಿ ಯಂತ್ರಗಳನ್ನು ಬದಲಿಸಿಕೊಳ್ಳುತ್ತ ಆ ಪುಣ್ಯಾತ್ಮರು 2001ರವರೆಗೆ ಬಾಳಿದರು. ಹೃದಯಕ್ಕೆ ಪಾಠ ಹೇಳಬೇಕಾಗಿಲ್ಲ. ಅದರ ಒಡೆಯ ಮಲಗಿ ನಿದ್ರಿಸಿದರೂ ಯಂತ್ರ ತನ್ನ ಕೆಲಸ ಮಾಡುತ್ತದೆ. ಕಿವಿಯ ಯಂತ್ರ ಹಾಗಲ್ಲ. ಶಸ್ತ್ರಕ್ರಿಯೆ ಎರಡು ಮೂರು ಗಂಟೆಗಳ ಕೆಲಸ. ಆ ಬಳಿಕದ ಕಲಿಕೆ ವರ್ಷಗಳ ಕೆಲಸ. ಮಾತು ಬಂದ ಮೇಲೆ ಕಿವುಡರಾದ ದೊಡ್ಡವರಿಗೆ ಹಳೆಯ ನೆನಪಿನ ಬೆಂಬಲವುಂಟು. ಹುಟ್ಟುಕಿವುಡ ಮಗುವಿಗೆ ಅದೂ ಇಲ್ಲ. ಮೊದಲ ಮೂರು ಮೂರೂವರೆ ವರ್ಷಗಳಲ್ಲಿ ಮೆದುಳಿನ ಶ್ರವಣಕೇಂದ್ರ ಹದವಾದ ಜೇಡಿಯಂತಿರುತ್ತದೆ, ತಡವಾದಷ್ಟೂ ಗಟ್ಟಿಯಾಗುತ್ತದೆ. ಈ ಕಾರಣದಿಂದಲೇ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಂಬತ್ತು ತಿಂಗಳ ಕೂಸಿಗೂ ಇಂಥ ಒಂದು ಯಂತ್ರವನ್ನು ಇಡಬಹುದೆಂದು ಒಪ್ಪಿಗೆಯಿತ್ತಿತು.

ನಮ್ಮಲ್ಲಿ ಇದು ಸಿರಿವಂತರಿಗಷ್ಟೇ ಮೀಸಲಾಗಿ ಉಳಿದಿಲ್ಲವೆಂಬುದು ಸಮಾಧಾನದ ಸಂಗತಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಕೇಂದ್ರ ಸರಕಾರದ ‘ಅಡಿಪ್’ ಯೋಜನೆಯ 2014ರ ಪರಿಷ್ಕೃತ ನಿಯಮಗಳು ಒಂದು ಮಗುವಿನ ಯಂತ್ರಕ್ಕೆ 6 ಲಕ್ಷ ರೂಪಾಯಿಯವರೆಗೆ ನೆರವನ್ನು ಗೊತ್ತುಪಡಿಸಿದುವು. ನಮ್ಮ ರಾಜ್ಯದಲ್ಲಿ ‘ಶ್ರವಣ ಸಂಜೀವಿನಿ’ ಎಂಬ ಯೋಜನೆಯುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ಹೆಸರಾದ ಕೇಂದ್ರ. ನಮಗೆ ಹತ್ತಿರದ ಮಣಿಪಾಲದಲ್ಲಿ, ಮಂಗಳೂರಿನಲ್ಲಿ ವಾಕ್ ಶ್ರವಣ ತಜ್ಞರಿದ್ದಾರೆ.

ಆದರೂ ಕೋಡಿಯಂತಹ ಊರಿನ ಬೆಸ್ತರ ಮನೆಗೆ ಈ ಯಂತ್ರ ಬಂತೆಂದರೆ ಅದರೊಡನೆ ಹೊಸ ಸಂಸಾರವೇ ಬಂದಂತೆ. ತಂತಿಗಳ ವಿದ್ಯುತ್ತಿನ ಪ್ರಮಾಣವನ್ನು ಮಗುವಿಗೆ ತಕ್ಕಂತೆ ಆಗಾಗ ಸರಿಪಡಿಸಿಕೊಂಡು ಬರಬೇಕು. ವಾರವಾರವೂ ಮಾತಿನ ತರಬೇತಿಗೆ ಬಸ್ಸು ಹತ್ತಬೇಕು. ಉಪ್ಪುಗಾಳಿಯೂ ಮುಂಗಾರಿನ ತೇವವೂ ಇಂತಹ ಸೂಕ್ಷ್ಮಯಂತ್ರದ ಹುಟ್ಟುವೈರಿಗಳು. ಪ್ರತಿರಾತ್ರಿ ಹೊರಭಾಗವನ್ನು ತೇವ ಹೀರುವ ಹರಳುಗಳ ಡಬ್ಬಿಯಲ್ಲಿಟ್ಟು ಮಲಗಬೇಕು. ಒಂದು ತಂತಿ ತುಂಡಾದರೆ ಸಾವಿರಗಳ ಮಾತು. ಹೊರಯಂತ್ರವೇ ಕೆಟ್ಟರೆ ಲಕ್ಷಗಳ ಮಾತು. ಅದು ಕೆಡುವುದೋ, ಹೆಚ್ಚಾಗಿ ಮಳೆಗಾಲದಲ್ಲಿ! ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು, ಮನೆಯ ಸಂಪಾದನೆ ದಡಕ್ಕೆ ಬಿದ್ದಿರುವ ಹೊತ್ತು ಅದು. ಯಂತ್ರವನ್ನು ಉಚಿತವಾಗಿ ಕೊಡುವ ಯೋಜನೆಗಳು ಅದರ ಇಡೀ ಆಯುಷ್ಯದ ಉಪಚಾರವನ್ನೂ ತಮ್ಮ ಹೊಣೆಯೆಂದೇ ತಿಳಿಯುವುದು ನ್ಯಾಯ. ಹೆಣ್ಣು ಕೊಟ್ಟು ಧಾರೆಯೆರೆದೊಡನೆ ತವರಿನ ಹೊಣೆ ಮುಗಿಯುವುದಿಲ್ಲವಷ್ಟೆ.

ಹಣದ ಕಷ್ಟವನ್ನಾದರೂ ಎಲ್ಲರೂ ಬಲ್ಲರು. ನಾನು ಕಂಡ ಇನ್ನೊಂದು ಕಷ್ಟ ಬೇರೆ ಬಗೆಯದು. ಪರಿಚಯದ ಮನೆಯೊಂದರಲ್ಲಿ ಯಂತ್ರ ತೊಟ್ಟ ಮಗುವಿತ್ತು. ತಾಯಿ ಮಾತುಗಾರ್ತಿ, ನೆರೆಯವರೊಡನೆ ಅವಳು ಮಾತಿಗೆ ನಿಂತರೆ ಮೀನಿನ ಬುಟ್ಟಿ ಖಾಲಿಯಾದರೂ ಮಾತು ಖಾಲಿಯಾಗದು. ಅಂಥವಳು ಮಗುವಿನ ಮುಂದೆ ಮಾತ್ರ ಶಾಲೆಯಲ್ಲಿ ಪದ್ಯ ಒಪ್ಪಿಸುವವಳಂತೆ ತಡೆತಡೆದು, “ಇದು ಚೆಂಡು. ಇದು ಬಟ್ಟಲು” ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಕಾರಣ ಕೇಳಿದೆ. “ನಮ್ಮ್ ಭಾಷಿ ಶುದ್ಧ ಇಲ್ಯಲೆ ಮೇಷ್ಟ್ರೆ! ಇಷ್ಟ್ ಖರ್ಚ್ ಮಾಡಿ ಕೆಮಿ ಬಂದದ್ದ್. ಪುಸ್ತಕದ್ ಭಾಷಿಯೇ ಕಲೀಲಿ ಅಂದೇಳಿ” ಎಂದಳು. ಯಾರೋ ಹಿತೈಷಿಗಳು ಹಾಗೆ ಹೇಳಿದ್ದರಂತೆ. ಪುಸ್ತಕದ ಭಾಷೆ ಅವಳಿಗೆ ದಿನಕ್ಕೆ ಇಪ್ಪತ್ತು ವಾಕ್ಯಗಳಷ್ಟು ಬರುತ್ತಿತ್ತು. ಮನೆಯ ಭಾಷೆ ಸಾವಿರಗಟ್ಟಲೆ ಬರುತ್ತಿತ್ತು. ಸಾವಿರವನ್ನು ಬಿಟ್ಟು ಅವಳು ಇಪ್ಪತ್ತನ್ನು ಆರಿಸಿಕೊಂಡಿದ್ದಳು. ಲಕ್ಷಾಂತರ ರೂಪಾಯಿಯ ಕಿವಿ ಕೇಳಲು ಕಾದು ಕುಳಿತಿತ್ತು; ಹೇಳಬೇಕಾದ ಬಾಯಿ ಸಂಕೋಚದಿಂದ ಮುಚ್ಚಿಕೊಂಡಿತ್ತು.

ಗ್ರಂಥಸ್ಥ ಕನ್ನಡವನ್ನು ಪಾಠ ಹೇಳಿ ಅನ್ನ ಉಣ್ಣುವವನು ನಾನು. ಆ ಭಾಷೆಯ ಮೇಲೆ ನನಗೆ ಅನಾದರವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಇದು ವಿಪರೀತವೆಂದು ಸಾರಿ ಹೇಳುವುದು ನನ್ನ ಕರ್ತವ್ಯ. ಯಾವ ಮಗುವೂ ಪದಗಳ ಪಟ್ಟಿಯಿಂದ ಮಾತು ಕಲಿತದ್ದಿಲ್ಲ. ತನ್ನನ್ನು ಕರೆಯುವ, ಗದರಿಸುವ, ಉಣ್ಣಿಸುವ, ನಗಿಸುವ ಮಾತಿನ ಮಳೆಯಲ್ಲಿ ನೆನೆದು ಕಲಿಯುತ್ತದೆ. ಬಿಟ್ಟ ಅಕ್ಷರಗಳನ್ನು ತುಂಬಿಕೊಳ್ಳಬೇಕಾದ ಈ ಮಗುವಿಗಂತೂ ಒಂದೇ ಮಾತು ನೂರು ಬಾರಿ, ನೂರು ಸಂದರ್ಭಗಳಲ್ಲಿ ಕಿವಿಗೆ ಬೀಳಬೇಕು. “ಅಲ್ಲ್ ಕಾಣ್, ದೋಣಿ ಬಂತ್!” “ಮಳಿ ಬತ್ತ್, ಒಳ್ಗ್ ಬಾ!” ಇವನ್ನು ನೂರು ಬಾರಿ ಆಯಾಸವಿಲ್ಲದೆ ಹೇಳಬಲ್ಲವರು ಅದೇ ಮಾತಿನಲ್ಲಿ ಹುಟ್ಟಿ ಬೆಳೆದವರು ಮಾತ್ರ. ಮನೆಯವರಿಗೆ ಸಹಜವಾದ ಭಾಷೆಯಲ್ಲಿಯೇ ಮಗುವನ್ನು ಮಾತಾಡಿಸಬೇಕೆಂಬುದು ಬಲ್ಲ ತಜ್ಞರ ಅಭಿಪ್ರಾಯವೂ ಹೌದು.

ಇಲ್ಲೊಂದು ಸಂದೇಹ ಏಳಬಹುದು. ಕುಂದಾಪುರದ ಕನ್ನಡ ಪದದ ಕೊನೆಯ ಸ್ವರವನ್ನು ನುಂಗುವ ಭಾಷೆ. ‘ಹೋಗಬೇಕು’ ಎಂಬ ನಾಲ್ಕಕ್ಷರ ಇಲ್ಲಿ ‘ಹೋಯ್ಕ್’ ಆಗಿ, ‘ಬರಬೇಕು’ ಎಂಬುದು ‘ಬರ್ಕ್’ ಆಗಿ ಕುಗ್ಗುತ್ತದೆ. ಕೊನೆಯ ಆ ‘ಕ್’ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಸಣ್ಣ ಸಿಡಿತ. ಅದು ಹುಟ್ಟುವುದು ಬಾಯಿಯ ಹಿಂಭಾಗದಲ್ಲಾದ್ದರಿಂದ ತುಟಿಯನ್ನು ನೋಡಿಯೂ ತಿಳಿಯುವಂತಿಲ್ಲ. ಯಂತ್ರದ ಕಿವಿಗೆ ಇದು ತೊಡಕಲ್ಲವೆ? ತೊಡಕು ಹೌದು. ಆದರೆ ಮಗುವಿನ ಅಪ್ಪಯ್ಯನೂ ಅಜ್ಜಿಯೂ ನೆರೆಮನೆಯ ಮಕ್ಕಳೂ ಆಡುವುದು ಅದೇ ‘ಹೋಯ್ಕ್’ ಅಲ್ಲವೆ? ಇಪ್ಪತ್ತೆರಡು ತಂತಿಗಳ ಕಿವಿ ಯಾವ ದನಿಗಳ ನಡುವೆ ಬದುಕಬೇಕೋ ಆ ದನಿಗಳನ್ನೇ ಮೊದಲು ಗುರುತಿಸಲು ಕಲಿಯಬೇಕು. ‘ಹೋಗಬೇಕು’ ಎಂಬುದನ್ನು ಶಾಲೆ ಕಲಿಸುತ್ತದೆ; ಕೇಳುವ ಮಕ್ಕಳೆಲ್ಲರೂ ಇಲ್ಲಿ ಹಾಗೆಯೇ ಎರಡು ಕನ್ನಡಗಳನ್ನು ಕಲಿತಿಲ್ಲವೆ? ಒಂದು ಭಾಷೆ ಬೇರೂರಿದ ಮೇಲೆ ಇನ್ನೊಂದನ್ನು ಕಸಿ ಕಟ್ಟಬಹುದು. ಬೇರೇ ಇಲ್ಲದೆ ಕಸಿ ಎಲ್ಲಿಗೆ? ಗಂಗೊಳ್ಳಿಯ ಖಾರ್ವಿಗಳ ಕೊಂಕಣಿಗೂ ಕೋಡಿಯ ಬ್ಯಾರಿಗಳ ಮನೆಮಾತಿಗೂ ಇದೇ ನ್ಯಾಯ ಸಲ್ಲುತ್ತದೆ.

ಆಸಾಡಿ ಅಮಾಸಿಯಂದು ಈಗ ಕೆಲವು ವರ್ಷಗಳಿಂದ ‘ವಿಶ್ವ ಕುಂದಾಪ್ರ ಕನ್ನಡ ದಿನ’ವನ್ನು ನಾವು ಸಡಗರದಿಂದ ಆಚರಿಸುತ್ತಿದ್ದೇವೆ. ವೇದಿಕೆಯ ಮೇಲೆ ಆ ನುಡಿಯ ಸೊಗಸಿಗೆ ಚಪ್ಪಾಳೆ ಬೀಳುತ್ತದೆ. ಸಂತೋಷವೇ. ಆದರೆ ಆ ನುಡಿಯ ಮಾನ ವೇದಿಕೆಯ ಮೇಲೆ ತೀರ್ಮಾನವಾಗುವುದಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಕೇಳತೊಡಗಿದ ಮಗುವಿನ ಕಿವಿಗೆ ಅದನ್ನು ಹಾಕಲು ತಾಯಿ ನಾಚುವಳೋ ಇಲ್ಲವೋ ಎಂಬಲ್ಲಿ ತೀರ್ಮಾನವಾಗುತ್ತದೆ. ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ಹೊರತಂದು, ಲೋಕದ ಜ್ಞಾನವೆಲ್ಲ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ದೊರೆಯಬೇಕೆಂದು ದುಡಿದರು. ಅದೇ ಮಾತಿನ ಇನ್ನೊಂದು ಮಗ್ಗುಲು ಇದು: ಲೋಕದ ಯಂತ್ರ ಯಾವ ದೇಶದಿಂದಲೇ ಬರಲಿ, ಅದರ ಮೂಲಕ ಮಗುವಿಗೆ ಮೊದಲು ಕೇಳಿಸಬೇಕಾದುದು ತನ್ನ ಮನೆ.

ಈ ಯಂತ್ರವಿಲ್ಲದ ಕಿವುಡರ ಬಾಳು ಅರೆಬಾಳೆಂದು ಯಾರೂ ತಿಳಿಯಬಾರದು. ಶ್ರವಣನರವೇ ಇಲ್ಲದವರಿಗೆ ಇದು ಒದಗದು. ಒದಗುವವರಲ್ಲಿಯೂ ಎಲ್ಲರಿಗೂ ಒಂದೇ ಫಲವಿಲ್ಲ. ಕೈಸನ್ನೆಯ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣಭಾಷೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಅದಕ್ಕೆ ಮನ್ನಣೆ ಕೊಟ್ಟಿದೆ. ಕಿವಿಯಿಂದಾಗಲಿ ಕಣ್ಣಿನಿಂದಾಗಲಿ, ಮಗುವಿಗೆ ಒಂದು ಭಾಷೆ ಸಕಾಲದಲ್ಲಿ ತುಂಬಿ ಬರಬೇಕೆಂಬುದೇ ಮುಖ್ಯ.

ಇಷ್ಟು ಬರೆದ ಮೇಲೆ ವಾಚಕರಿಗೆ ಕೈಗೆ ಸಿಗುವಂತಹ ಎರಡು ಮಾತು ಹೇಳದಿದ್ದರೆ ಬರಹ ಬರಿಯ ಉಪನ್ಯಾಸವಾದೀತು. ಬಾಗಿಲು ಬಡಿದ ಸದ್ದಿಗೆ ಕೂಸು ಬೆಚ್ಚದಿದ್ದರೆ, ಆರು ತಿಂಗಳು ಕಳೆದರೂ ದನಿ ಬಂದ ಕಡೆಗೆ ಮುಖ ತಿರುಗಿಸದಿದ್ದರೆ, “ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು” ಎಂಬ ಅಜ್ಜಿಯ ಸಮಾಧಾನವನ್ನು ನಂಬಿ ಕೂರದೆ ಕಿವಿಯ ಪರೀಕ್ಷೆ ಮಾಡಿಸಿರಿ. ನಿದ್ದೆಯಲ್ಲಿರುವ ಕೂಸಿಗೂ ನೋವಿಲ್ಲದೆ ಮಾಡುವ ಪರೀಕ್ಷೆ ಅದು. ಯಂತ್ರ ಇಟ್ಟ ಮಗು ಮನೆಯಲ್ಲಿದ್ದರೆ, ಪ್ರತಿದಿನ ಬೆಳಗ್ಗೆ ಅದರ ಬೆನ್ನ ಹಿಂದೆ ನಿಂತು, ಬಾಯಿ ಕಾಣದಂತೆ, ‘ಮ್, ಊ, ಆ, ಈ, ಶ್, ಸ್’ ಎಂಬ ಆರು ದನಿಗಳನ್ನು ಒಂದೊಂದಾಗಿ ಹೇಳಿ ನೋಡಿರಿ. ಡೇನಿಯಲ್ ಲಿಂಗ್ ಎಂಬ ವಿದ್ವಾಂಸರು ಹೇಳಿಕೊಟ್ಟ ಪರೀಕ್ಷೆಯಿದು. ಮಾತಿಗೆ ಬೇಕಾದ ಕೆಳಸ್ವರದಿಂದ ಮೇಲುಸ್ವರದವರೆಗಿನ ಹರವೆಲ್ಲ ಈ ಆರರಲ್ಲಿ ಅಡಗಿದೆ, ಆರೂ ನಮ್ಮ ಅಕ್ಷರಮಾಲೆಯಲ್ಲಿವೆ, ಕಾಸು ಖರ್ಚಿಲ್ಲ. ನಿನ್ನೆ ಕೇಳಿದ ದನಿ ಇಂದು ಕೇಳದಿದ್ದರೆ ಬ್ಯಾಟರಿಯನ್ನೋ ತಂತಿಯನ್ನೋ ನೋಡಬೇಕೆಂದು ಅರ್ಥ.

ಆರೂ ಕೇಳಿಸಿದುವೆ? ಹಾಗಾದರೆ ಆ ದಿನದ ಪರೀಕ್ಷೆ ಮುಗಿಯಿತು. ಇನ್ನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಬನ್ನಿರಿ. ಬಂಗುಡೆಯ ಬೆಲೆಯನ್ನೂ, ಮಳೆಯ ಮೋಡವನ್ನೂ, ನೆರೆಮನೆಯ ಬೆಕ್ಕಿನ ಕಳ್ಳತನವನ್ನೂ ನಿಮ್ಮದೇ ಮಾತಿನಲ್ಲಿ ಹೇಳುತ್ತ ಹೋಗಿರಿ.